ಮಿಶ್ರ ಮಾಧ್ಯಮ, ಕಾಗದದ ಮೇಲೆ: ಒಂದು ಗ್ಯಾಲರಿಯಿಂದ ಕೊಂಡ ಮೂರು ಕೃತಿಗಳು

ಬೆಂಗಳೂರಿನ ಒಂದು ಖಾಸಗಿ ಕಲಾ ಗ್ಯಾಲರಿಯಿಂದ ಎರಡೂವರೆ ವರ್ಷಗಳ ಅವಧಿಯಲ್ಲಿ ನಾನು ಮೂರು ಕೃತಿಗಳನ್ನು ಕೊಂಡಿದ್ದೇನೆ. ಮೂರೂ ಛಾಯಾಚಿತ್ರಗಳೇ, ಆದರೆ ಮೂರರಲ್ಲಿ ಒಂದೂ ಸ್ಟುಡಿಯೋದಲ್ಲಿ ತೊಳೆದು ಕೊಡುವ ಬಗೆಯದಲ್ಲ. ಒಂದು ಕಬ್ಬಿಣದ ಲವಣಗಳಿಂದ ಮೂಡಿದ ನೀಲಿ ಚಿತ್ರ, ಇನ್ನೊಂದು ಅರಿಶಿನದಿಂದ ಮೂಡಿದ್ದು, ಮತ್ತೊಂದು ಕೆರೆಯ ಹೂಳಿನಿಂದ. ಈ ಮೂರಕ್ಕೂ ಗ್ಯಾಲರಿಯವರು ಕೊಟ್ಟ ಬಿಲ್ಲುಗಳಲ್ಲಿ ಸಾಮಗ್ರಿಯ ಕಾಲಮಿನಲ್ಲಿ ಬರೆದಿರುವುದು ಒಂದೇ ಸಾಲು: ‘ಮಿಶ್ರ ಮಾಧ್ಯಮ, ಕಾಗದದ ಮೇಲೆ’. ಗ್ಯಾಲರಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನನ್ನ ಆಕ್ಷೇಪಗಳನ್ನೆಲ್ಲ ಅವರಿಗೆ ನೇರವಾಗಿಯೇ ತಿಳಿಸಿದ್ದೇನೆ, ಕೆಲವಕ್ಕೆ ಪರಿಹಾರವೂ ಸಿಕ್ಕಿದೆ. ಇಂಥ ಕೃತಿಗಳನ್ನು ಮೊದಲ ಬಾರಿಗೆ ಕೊಳ್ಳಲು ಹೊರಟವರಿಗೆ ಆ ಒಂದು ಸಾಲು ಏನೇನನ್ನು ಮುಚ್ಚಿಡಬಲ್ಲದು ಎಂಬುದು ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಒಳ್ಳೆಯದನ್ನು ಹೇಳಿಬಿಡಬೇಕು. ಹಳೆಯ ಮನೆಯೊಂದರ ನೆಲಮಹಡಿಯಲ್ಲಿರುವ ಈ ಗ್ಯಾಲರಿಗೆ ಯಾರು ಹೋದರೂ ‘ನೀವು ಕೊಳ್ಳುವವರೇ, ನೋಡುವವರೇ’ ಎಂದು ಅಳೆಯುವ ನೋಟ ಎದುರಾಗುವುದಿಲ್ಲ. ಪಿಂಚಣಿಯಲ್ಲಿ ಬದುಕುವ, ಹತ್ತಿಯ ಅಂಗಿ ತೊಟ್ಟು ಸಿಟಿ ಬಸ್ಸಿನಲ್ಲಿ ಬರುವ ನನ್ನಂಥವನಿಗೂ ಅಲ್ಲಿಯ ವ್ಯವಸ್ಥಾಪಕಿ ಡ್ರಾಯರ್ ಎಳೆದು, ಗೋಡೆಗೆ ಹಾಕದ ಕೃತಿಗಳನ್ನೂ ಒಂದೊಂದಾಗಿ ತೋರಿಸಿದರು. ಬೆಲೆಯ ಪಟ್ಟಿಯನ್ನು ಕೇಳದೆಯೇ ಕೈಗಿತ್ತರು. ಬೆಲೆ ಕೇಳುವುದೇ ಅಸಭ್ಯತೆ ಎಂಬಂತೆ ವರ್ತಿಸುವ ಗ್ಯಾಲರಿಗಳನ್ನು ಕಂಡಿದ್ದ ನನಗೆ ಇದು ದೊಡ್ಡ ಸಂಗತಿಯಾಗಿ ತೋರಿತು. ಮೊದಲ ಕೃತಿಯ 22,000 ರೂಪಾಯಿಯನ್ನು ಮೂರು ಕಂತುಗಳಲ್ಲಿ ಕೊಡಲು ಬಡ್ಡಿಯ ಮಾತೆತ್ತದೆ ಒಪ್ಪಿದರು.

ಆ ಮೊದಲ ಕೃತಿ ಒಂದು ಸಯನೋಟೈಪ್. ಹೆಂಚಿನ ಮನೆಯೊಂದರ ಮಾಡಿನ ಸೀಳುನಕ್ಷೆ, ಅದರ ಮೇಲೆ ಅಡ್ಡಲಾಗಿ ಬಿದ್ದ ಜರೀಗಿಡದ ನೆರಳು, ಸುತ್ತಲೂ ಮಳೆಗಾಲದ ಮುಗಿಲಿನಂಥ ದಟ್ಟ ನೀಲಿ. ಸರ್ಕಾರಿ ಕಚೇರಿಯೊಂದರ ನಕ್ಷೆ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವನಿಗೆ ಇದನ್ನು ಬಿಟ್ಟುಬರಲು ಆಗಲಿಲ್ಲ. ನಾವು ಇಂದಿಗೂ ಯೋಜನೆಗಳಿಗೆಲ್ಲ ‘ನೀಲನಕ್ಷೆ’ ಎನ್ನುತ್ತೇವಲ್ಲ, ಆ ಮಾತು ಹುಟ್ಟಿದ್ದೇ ಈ ವಿಧಾನದಿಂದ. ಇಂಗ್ಲಿಷ್ ವಿಜ್ಞಾನಿ ಜಾನ್ ಹರ್ಷಲ್ 1842ರಲ್ಲಿ ಇದನ್ನು ಕಂಡುಹಿಡಿದ. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಎಂಬ ಎರಡು ಲವಣಗಳನ್ನು ನೀರಿನಲ್ಲಿ ಕರಗಿಸಿ, ಮಂದ ಬೆಳಕಿನಲ್ಲಿ ಕಾಗದಕ್ಕೆ ಬಳಿದು ಒಣಗಿಸಿ, ಮೇಲೆ ಎಲೆಯನ್ನೋ ನೆಗೆಟಿವ್ ಅನ್ನೋ ಇಟ್ಟು ಬಿಸಿಲಿಗೆ ಹಿಡಿದರೆ, ಬೆಳಕು ತಾಗಿದೆಡೆ ಮಾತ್ರ ಪ್ರಷ್ಯನ್ ನೀಲಿ ಕಟ್ಟಿಕೊಳ್ಳುತ್ತದೆ. ತೊಳೆಯಲು ಬರಿಯ ನೀರು ಸಾಕು. ಮರುವರ್ಷವೇ, 1843ರಲ್ಲಿ, ಆನಾ ಆಟ್ಕಿನ್ಸ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ ಕಡಲಪಾಚಿಗಳನ್ನು ಹೀಗೆ ಮುದ್ರಿಸಿ ಪುಸ್ತಕ ಮಾಡತೊಡಗಿದರು. ಛಾಯಾಚಿತ್ರಗಳಿಂದ ಕೂಡಿದ ಮೊದಲ ಪುಸ್ತಕ ಅದೇ ಎನ್ನುತ್ತಾರೆ. ಅದರ ಪ್ರತಿಗಳು ಗ್ರಂಥಾಲಯಗಳಲ್ಲಿ ಇಂದಿಗೂ ನೀಲಿಯಾಗಿಯೇ ಇವೆ. ಈ ಆಟ್ಕಿನ್ಸ್ ಉದಾಹರಣೆಯನ್ನು ವ್ಯವಸ್ಥಾಪಕಿ ನನಗೆ ಹೇಳಿ, ‘ನೂರೆಂಬತ್ತು ವರ್ಷವಾದರೂ ಹಾಗೇ ಇದೆ ಸರ್’ ಎಂದರು. ಮಾತು ಸುಳ್ಳಲ್ಲ. ಆದರೆ ಆ ಹಾಳೆಗಳು ಅಷ್ಟು ಕಾಲವೂ ರಟ್ಟುಗಳ ನಡುವಿನ ಕತ್ತಲಲ್ಲಿ ಮಲಗಿದ್ದವು, ನಮ್ಮ ಹಾಲ್‌ನ ಪೂರ್ವದ ಗೋಡೆಯ ಮೇಲೆ ತೂಗುತ್ತಿರಲಿಲ್ಲ ಎಂಬ ಅರ್ಧ ಮಾತನ್ನು ಅವರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಎಂಟು ತಿಂಗಳಲ್ಲಿ ನೀಲಿ ಬೂದಿಯ ಕಡೆಗೆ ತಿರುಗಿತು. ಗ್ಯಾಲರಿಗೆ ಫೋನ್ ಮಾಡಿದಾಗ ಅಲ್ಲಿಯ ಸಹಾಯಕರೊಬ್ಬರು ‘ಕೈಯಿಂದ ಮಾಡಿದ್ದಲ್ವಾ ಸರ್, ಸ್ವಲ್ಪ ವ್ಯತ್ಯಾಸ ಇರುತ್ತೆ’ ಎಂದರು. ಕೈಯಿಂದ ಮಾಡಿದ್ದೆಂಬುದು ಒಂದು ಪ್ರತಿಗೂ ಇನ್ನೊಂದು ಪ್ರತಿಗೂ ಇರುವ ವ್ಯತ್ಯಾಸಕ್ಕೆ ಸಮಾಧಾನವಾದೀತೇ ಹೊರತು, ಒಂದೇ ಪ್ರತಿ ಯುಗಾದಿಯಲ್ಲಿ ಒಂದು ಬಣ್ಣ, ದೀಪಾವಳಿಯಲ್ಲಿ ಇನ್ನೊಂದು ಬಣ್ಣವಾಗಿ ಕಾಣುವುದಕ್ಕೆ ಅಲ್ಲ. ವ್ಯವಸ್ಥಾಪಕಿಯವರು ಮರುದಿನ ತಾವಾಗಿಯೇ ಕರೆ ಮಾಡಿ, ಕಲಾವಿದರನ್ನು ವಿಚಾರಿಸಿರುವುದಾಗಿಯೂ, ಚಿತ್ರವನ್ನು ಗೋಡೆಯಿಂದ ಇಳಿಸಿ ಕೆಲವು ವಾರ ಕತ್ತಲಲ್ಲಿ, ಗಾಳಿಯಾಡುವಂತೆ ಇಡಬೇಕೆಂದೂ ತಿಳಿಸಿದರು. ನಂಬಿಕೆಯಿಲ್ಲದೆಯೇ ಕಟ್ಟು ಬಿಚ್ಚಿ ಬೀರುವಿನಲ್ಲಿಟ್ಟೆ. ಬಣ್ಣ ಮರಳಿತು! ಹೆಚ್ಚು ಬೆಳಕು ಬಿದ್ದಾಗ ಪ್ರಷ್ಯನ್ ನೀಲಿ ಬಣ್ಣವಿಲ್ಲದ ರೂಪಕ್ಕೆ ಇಳಿಯುತ್ತದೆ, ಕತ್ತಲಲ್ಲಿ ಗಾಳಿಯ ಆಮ್ಲಜನಕ ತಾಗಿ ಬಹುಮಟ್ಟಿಗೆ ಮತ್ತೆ ನೀಲಿಯಾಗುತ್ತದೆ. ದಣಿದು ನಿದ್ದೆ ಮಾಡಿ ಎದ್ದಂತೆ ಚೇತರಿಸಿಕೊಳ್ಳುವ ಚಿತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಷ್ಟು ಸೊಗಸಾದ ಗುಣವನ್ನು ಮಾರುವಾಗಲೇ ಹೇಳಿದ್ದರೆ ಕೃತಿಯ ಮೇಲಿನ ಪ್ರೀತಿ ಹೆಚ್ಚುತ್ತಿತ್ತೇ ವಿನಾ ಕಡಿಮೆಯಾಗುತ್ತಿರಲಿಲ್ಲ.

ಆದರೆ ಮಧ್ಯಭಾಗವೆಲ್ಲ ಚೇತರಿಸಿಕೊಂಡರೂ ನಾಲ್ಕು ಅಂಚುಗಳಲ್ಲಿ ಹೆಬ್ಬೆರಳಗಲದ ಒಂದು ಪಟ್ಟಿ ಮಾತ್ರ ಹಳದಿ ಛಾಯೆಯಲ್ಲೇ ಉಳಿಯಿತು. ಬೆಳಕಿನಿಂದ ಆದ ಹಾನಿಯಾಗಿದ್ದರೆ ಬೆಳಕು ಬೀಳದ ಅಂಚು ಚೆನ್ನಾಗಿದ್ದು ಮಧ್ಯ ಕೆಡಬೇಕಿತ್ತು. ಇಲ್ಲಿ ಆದದ್ದು ತಿರುಗುಮುರುಗು. ಯೋಚಿಸುತ್ತ ಕುಳಿತಾಗ ನೌಕರಿಯ ಮೊದಲ ದಿನಗಳು ನೆನಪಾದವು. ನಾವು ಬಳಸುತ್ತಿದ್ದದ್ದು ಅಮೋನಿಯಾ ಪ್ರಿಂಟು, ನೀಲಿ ಹಾಳೆಗಳ ಕಾಲ ಆಗಲೇ ಮುಗಿದಿತ್ತು. ಆದರೆ ಹಳೆಯ ಕಡತಗಳಲ್ಲಿನ ನೀಲಿ ನಕ್ಷೆಗಳ ಮೇಲೆ ಅಲ್ಲಲ್ಲಿ ಬಿಳಿಯ ಅಕ್ಷರಗಳಲ್ಲಿ ತಿದ್ದುಪಡಿಗಳಿರುತ್ತಿದ್ದವು. ಅದು ಯಾವ ಶಾಯಿ ಎಂದು ಕೇಳಿದ್ದಕ್ಕೆ ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕು, ಶಾಯಿಯೇ ಅಲ್ಲ, ವಾಷಿಂಗ್ ಸೋಡಾ ಕದಡಿದ ನೀರಿನಲ್ಲಿ ಲೇಖನಿ ಅದ್ದಿ ಬರೆದದ್ದು ಎಂದಿದ್ದರು. ಕ್ಷಾರ ತಾಗಿದರೆ ಈ ನೀಲಿ ಅಳಿಸಿಹೋಗುತ್ತದೆ. ಗ್ಯಾಲರಿಯವರು ತಮ್ಮ ಕಟ್ಟಿನವರಿಂದ ಹಾಕಿಸಿಕೊಟ್ಟಿದ್ದ ಮೌಂಟ್ ಬೋರ್ಡು, ಎಂದರೆ ಗಾಜಿನ ಕೆಳಗೆ ಚಿತ್ರದ ಅಂಚುಗಳನ್ನು ಮುಚ್ಚಿ ಹಿಡಿಯುವ ಕಿಂಡಿ ಕೊರೆದ ರಟ್ಟು, ‘ಆಮ್ಲರಹಿತ’ ಎಂಬ ಹೆಮ್ಮೆಯ ಚೀಟಿ ಹೊತ್ತದ್ದು. ಅಂಥ ಬೋರ್ಡುಗಳಲ್ಲಿ ಹಲವಕ್ಕೆ ಮುಂದೆಯೂ ಆಮ್ಲ ಹುಟ್ಟದಿರಲೆಂದು ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿರುತ್ತಾರೆ. ಸಾಮಾನ್ಯ ಕಾಗದಕ್ಕೆ, ಜಲವರ್ಣಕ್ಕೆ, ರೇಖಾಚಿತ್ರಕ್ಕೆ ಅದು ರಕ್ಷೆ. ಸಯನೋಟೈಪಿಗೆ, ಅದರಲ್ಲೂ ಮಳೆಗಾಲದ ತೇವದಲ್ಲಿ, ಅದೇ ಶತ್ರು. ಇದಕ್ಕೆ ಬೇಕಾದದ್ದು ಕ್ಷಾರವನ್ನು ಬೆರೆಸದ, ಶುದ್ಧ ಹತ್ತಿಯ ಬೋರ್ಡು. ಎರಡೂ ನೋಡಲು ಒಂದೇ ತೆರ. ಕಟ್ಟು ಹಾಕುವವರಿಗೆ ಒಳಗಿರುವುದು ಸಯನೋಟೈಪ್ ಎಂದು ಯಾರಾದರೂ ಹೇಳಿದ್ದರೆ ತಾನೇ ಅವರು ಬೇರೆ ಬೋರ್ಡು ಆರಿಸುವುದು? ಅವರ ಕೈಗೆ ಹೋದ ಚೀಟಿಯಲ್ಲೂ ಇದ್ದದ್ದು ‘ಮಿಶ್ರ ಮಾಧ್ಯಮ, ಕಾಗದದ ಮೇಲೆ’.

ಗ್ಯಾಲರಿಯವರು ತಪ್ಪೊಪ್ಪಿಕೊಂಡರು, ತಮ್ಮ ಖರ್ಚಿನಲ್ಲೇ ಸರಿಯಾದ ಬೋರ್ಡಿನಲ್ಲಿ ಮತ್ತೆ ಕಟ್ಟು ಹಾಕಿಸಿಕೊಟ್ಟರು. ಹೋದ ಅಂಚು ಹೋಯಿತು, ಹೊಸ ಮೌಂಟಿನ ಕಿಂಡಿಯನ್ನು ಸ್ವಲ್ಪ ಕಿರಿದು ಮಾಡಿ ಅದನ್ನು ಮರೆಮಾಡಲಾಗಿದೆ.

ಇಷ್ಟಾದ ಮೇಲೂ ಅಲ್ಲಿಯೇ ಎರಡನೆಯ ಕೃತಿ ಕೊಂಡೆನೆಂದರೆ ಓದುವವರು ನಗಬಹುದು. ಅದು ಅರಿಶಿನದ ಚಿತ್ರ, 16,000 ರೂಪಾಯಿ. ಗಿಡಮೂಲಿಕೆಗಳ, ಹೂವುಗಳ ರಸವನ್ನು ಕಾಗದಕ್ಕೆ ಬಳಿದು ಬಿಸಿಲಲ್ಲಿ ಚಿತ್ರ ಮೂಡಿಸುವ ಆ್ಯಂಥೋಟೈಪ್ ವಿಧಾನವೂ ಅದೇ ಹರ್ಷಲ್ ಅದೇ 1842ರಲ್ಲಿ ಪ್ರಕಟಿಸಿದ್ದು. ಇಲ್ಲಿ ಬೆಳಕು ಬಣ್ಣವನ್ನು ಕಟ್ಟುವುದಿಲ್ಲ, ಕೆಡಿಸುತ್ತದೆ. ಮುಚ್ಚಿದ ಭಾಗ ಬಣ್ಣ ಉಳಿಸಿಕೊಳ್ಳುತ್ತದೆ, ತೆರೆದ ಭಾಗ ಮಾಸುತ್ತದೆ, ಆ ಮಾಸುವಿಕೆಯೇ ಚಿತ್ರವಾಗುತ್ತದೆ. ನನ್ನ ಕೃತಿಯ ಕಲಾವಿದೆ ಅರಿಶಿನವನ್ನು ಸ್ಪಿರಿಟ್ಟಿನಲ್ಲಿ ಕದಡಿ ಕಾಗದಕ್ಕೆ ಬಳಿದು, ಮೇಲೆ ಪಾರದರ್ಶಕ ಹಾಳೆಯಲ್ಲಿನ ಚಿತ್ರವನ್ನಿಟ್ಟು ಬಿಸಿಲಿಗೆ ಹಿಡಿದು, ಕೊನೆಗೆ ಬೊರಾಕ್ಸ್ ಎಂಬ ಕ್ಷಾರದ ನೀರಿನಲ್ಲಿ ಅದ್ದಿದ್ದಾರೆ. ಅದ್ದಿದೊಡನೆ ಹಳದಿ ಕಂದುಗೆಂಪಾಗುತ್ತದೆ. ಅಂಗಡಿಯ ಕುಂಕುಮ ಬರುವ ಮೊದಲು ಅರಿಶಿನದಿಂದಲೇ ಮನೆಯಲ್ಲಿ ಕುಂಕುಮ ಮಾಡಿದವರಿಗೆ, ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಓಕುಳಿ ಮಾಡುವವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಚಿತ್ರದಲ್ಲಿರುವುದೂ ಒಂದು ಅಡುಗೆಮನೆಯೇ: ಒರಳು, ಗೋಡೆಯ ಗೂಡು, ಅರ್ಧ ತೆರೆದ ಬಾಗಿಲು, ಎಲ್ಲವೂ ಒಣಗಿದ ಓಕುಳಿಯ ಬಣ್ಣದಲ್ಲಿ. ವಸ್ತುವಿಗೂ ಸಾಮಗ್ರಿಗೂ ಇಷ್ಟು ಹೊಂದಿಕೆಯಿರುವ ಕೃತಿಗಳು ಅಪರೂಪ.

ಗ್ಯಾಲರಿಯಲ್ಲಿ ನನಗೆ ಹೇಳಿದ್ದು ‘ನೈಸರ್ಗಿಕ ಬಣ್ಣ’ ಎಂದು. ಮನೆಗೆ ತಂದು ಬಿಚ್ಚಿದಾಗ ಎಂಬತ್ತನಾಲ್ಕರ ನನ್ನ ತಾಯಿ ಕನ್ನಡಕ ಏರಿಸಿ ಹತ್ತಿರ ಬಂದು ನೋಡಿ, ‘ಅರಿಶಿನ ತಾನೇ ಇದು? ಬಿಸಿಲಿಗೆ ಹಾಕಿದ್ರೆ ಹೊರಟೋಗತ್ತಲ್ಲೋ. ನಿಮ್ಮಪ್ಪನ ಪಂಚೆ ಕಲೆನೆಲ್ಲ ನಾನು ಹೇಗೆ ತೆಗೀತಿದ್ದೆ ಅಂದ್ಕೊಂಡಿದ್ದೀಯಾ?’ ಎಂದರು. ಬಿಳಿಯ ಪಂಚೆಗೆ ಬಿದ್ದ ಸಾರಿನ ಕಲೆಯನ್ನು ಸೋಪು ಹಚ್ಚಿ ಬಿಸಿಲಿಗೆ ಹರವಿದರೆ ಸಂಜೆಯ ಹೊತ್ತಿಗೆ ಇರುವುದಿಲ್ಲ ಎಂಬುದು ಕನ್ನಡದ ಯಾವ ಮನೆಗೆ ಗೊತ್ತಿಲ್ಲ? ನಮ್ಮ ತಾಯಿ ಒಂದು ನೋಟದಲ್ಲಿ ಹೇಳಿದ ಈ ಮಾತು ಗ್ಯಾಲರಿಯ ಬಿಲ್ಲಿನಲ್ಲಿ ಇರಬೇಕಾಗಿತ್ತು. ಆ್ಯಂಥೋಟೈಪಿಗೆ ಸ್ಥಿರಗೊಳಿಸುವ ದ್ರಾವಣವೇ ಇಲ್ಲ. ಬಿಸಿಲಿನಲ್ಲಿ ಹುಟ್ಟಿದ್ದು ಬಿಸಿಲಿನಲ್ಲೇ ಹೋಗುತ್ತದೆ, ಗಾಜು ಹಾಕಿದರೆ, ಅದರಲ್ಲೂ ನೇರಳಾತೀತ ಕಿರಣ ತಡೆಯುವ ಗಾಜು ಹಾಕಿದರೆ, ನಿಧಾನವಾಗುತ್ತದೆ ಅಷ್ಟೆ.

ನನಗೆ ನಿಜಕ್ಕೂ ಬೇಸರವಾದದ್ದು ಕಟ್ಟು ಬಿಚ್ಚಿ ನೋಡಿದಾಗ. ಮೌಂಟಿನ ಅಡಿಯಲ್ಲಿದ್ದ ಅಂಚಿನ ಬಣ್ಣ ಹೊರಗೆ ಕಾಣುತ್ತಿದ್ದ ಚಿತ್ರಕ್ಕಿಂತ ಗಾಢವಾಗಿತ್ತು. ಅಂದರೆ ಪಶ್ಚಿಮದ ಕಿಟಕಿಯೆದುರಿನ ಗ್ಯಾಲರಿಯ ಗೋಡೆಯಲ್ಲಿ ತಿಂಗಳೊಪ್ಪತ್ತು ತೂಗಿದ ಪ್ರದರ್ಶನದಲ್ಲಿಯೇ ಕೃತಿ ತನ್ನ ಆಯುಸ್ಸಿನ ಒಂದು ಪಾಲನ್ನು ಕಳೆದುಕೊಂಡಿತ್ತು. ಸುಲಭವಾಗಿ ಮಾಸುವ ಕೃತಿಗಳಿಗೆ ಸಂಗ್ರಹಾಲಯಗಳು 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತವೆ. ಅಲ್ಲಿಯ ಮಬ್ಬು ಬೆಳಕನ್ನು ಕಂಡು ವಿದ್ಯುತ್ ಉಳಿತಾಯ ಮಾಡುತ್ತಿದ್ದಾರೆಂದು ನಾನೇ ಒಮ್ಮೆ ಗೊಣಗಿದ್ದುಂಟು. ಖಾಸಗಿ ಗ್ಯಾಲರಿಯಿಂದ ಅಷ್ಟು ನಿರೀಕ್ಷಿಸಲಾಗದಿದ್ದರೂ ಕಿಟಕಿಗೊಂದು ಪರದೆ ಕಟ್ಟಬಹುದಿತ್ತು. ಪತ್ರ ಬರೆದಾಗ ಪೂರ್ಣ ಹಣ ವಾಪಸು ಕೊಟ್ಟು ಕೃತಿಯನ್ನು ಹಿಂದೆ ಪಡೆಯುವುದಾಗಿ ಹೇಳಿದರು. ಅದು ಅವರ ದೊಡ್ಡತನ. ಆದರೆ ನಮ್ಮ ತಾಯಿ ಅಷ್ಟರಲ್ಲಿ ಅದನ್ನು ತಮ್ಮ ರೇಷ್ಮೆ ಸೀರೆಗಳ ಪೆಟ್ಟಿಗೆಯಲ್ಲಿ, ಹಳೆಯ ಮಗ್ಗದ ಬಟ್ಟೆಯಲ್ಲಿ ಸುತ್ತಿ ಇರಿಸಿಬಿಟ್ಟಿದ್ದರು. ಹಬ್ಬಕ್ಕೆ ಸೀರೆ ತೆಗೆಯುವಾಗ ಅದೂ ಹೊರಬರುತ್ತದೆ, ಸಂಜೆ ಒಳಗೆ ಹೋಗುತ್ತದೆ.

ಕೆಡುವ ಸಾಮಗ್ರಿಯನ್ನು ಬಳಸುವುದೇ ತಪ್ಪು ಎಂದು ನಾನು ಹೇಳುತ್ತಿದ್ದೇನೆಂದು ಯಾರೂ ಭಾವಿಸಬಾರದು. ಅಮೆರಿಕದ ಮೇಗನ್ ರೀಪನ್‌ಹಾಫ್ ಸಯನೋಟೈಪ್ ಕಾಗದವನ್ನು ಕಡಲಿನ ಅಲೆಗಳಿಗೇ ಒಡ್ಡಿ, ಮರಳು ಉಪ್ಪುಗಳ ಸಮೇತ ಚಿತ್ರ ಮಾಡುತ್ತಾರೆ. ಪೂರ್ತಿ ತೊಳೆಯದೆ ಬಿಡುವುದರಿಂದ ಅವು ಮುಂದೆಯೂ ಬದಲಾಗುತ್ತಲೇ ಇರುತ್ತವೆ, ಅದನ್ನು ಅವರು ಮುಚ್ಚಿಡುವುದೂ ಇಲ್ಲ. ವಿಯೆಟ್ನಾಮಿನಲ್ಲಿ ಹುಟ್ಟಿದ ಬಿನ್ ಡಾನ್ ಹಸಿ ಎಲೆಗಳ ಮೇಲೆ ಬಿಸಿಲಿನಿಂದಲೇ ಯುದ್ಧಕಾಲದ ಮುಖಗಳನ್ನು ಮೂಡಿಸಿ, ಎಲೆ ಉಳಿಯಲೆಂದು ರೆಸಿನ್‌ನೊಳಗೆ ಹುದುಗಿಸುತ್ತಾರೆ. ಬ್ರಿಟಿಷ್ ಕಲಾವಿದ ಡೇಮಿಯನ್ ಹರ್ಸ್ಟ್ ಗಾಜಿನ ತೊಟ್ಟಿಯ ದ್ರಾವಣದಲ್ಲಿಟ್ಟು ಕೃತಿಯಾಗಿಸಿದ ಪ್ರಸಿದ್ಧ ಶಾರ್ಕ್ ಕೊಳೆಯತೊಡಗಿ, 2006ರಲ್ಲಿ ಅದರ ಜಾಗಕ್ಕೆ ಬೇರೊಂದು ಶಾರ್ಕ್ ಬಂತು. ನಮ್ಮ ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಶೀಲಾ ಗೌಡರು 1990ರ ದಶಕದ ಮೊದಲಲ್ಲಿಯೇ ಸಗಣಿಯನ್ನು ಕಲೆಯ ಸಾಮಗ್ರಿಯಾಗಿಸಿದರು. ಮುಂದೆ ಕುಂಕುಮ ಬಳಿದ ನೂಲು, ಟಾರು ಡ್ರಮ್ಮುಗಳು, ವಾಹನಗಳಿಗೆ ದೃಷ್ಟಿ ತಾಗದಿರಲೆಂದು ಕಟ್ಟುವ ಕೂದಲಿನ ಹಗ್ಗ ಇವೆಲ್ಲ ಅವರ ಕೈಗೆ ಬಂದವು. ಆ ಕೂದಲು ಮತ್ತು ಕಾರಿನ ಬಂಪರುಗಳ ಕೃತಿ 2009ರಲ್ಲಿ ವೆನಿಸ್ ಬಿಯನಾಲೆ ಎಂಬ ಅಂತರರಾಷ್ಟ್ರೀಯ ಕಲಾಮೇಳದಲ್ಲಿ ಪ್ರದರ್ಶನಗೊಂಡಿತು. ಇದು ಸಗಣಿ, ಇದು ಕೂದಲು ಎಂದು ಹೇಳದೆ ಈ ಕೃತಿಗಳ ಬಗ್ಗೆ ಒಂದು ವಾಕ್ಯವನ್ನೂ ಮುಂದುವರಿಸಲಾಗುವುದಿಲ್ಲ. ಸಾಮಗ್ರಿಯೇ ಅರ್ಥವಾಗಿರುವಲ್ಲಿ ಅದರ ಹೆಸರನ್ನು ‘ಮಿಶ್ರ’ ಎಂದು ಒರೆಸಿಹಾಕುವುದು ಕೊಳ್ಳುವವರಿಗೆ ಮಾತ್ರವಲ್ಲ, ಮಾಡಿದವರಿಗೂ ಮಾಡುವ ಅನ್ಯಾಯ.

ಮೂರನೆಯ ಕೃತಿ ಈ ಮಾತಿಗೆ ಬಂದ ಉತ್ತರದಂತಿದೆ. ಬೆಳ್ಳಂದೂರು ಕೆರೆಯ ದಂಡೆಯ ಚಿತ್ರ, ಗಮ್ ಬೈಕ್ರೋಮೇಟ್ ವಿಧಾನದ್ದು, 48,000 ರೂಪಾಯಿ, ನಾನು ಈವರೆಗೆ ಕೊಟ್ಟ ಹೆಚ್ಚಿನ ಬೆಲೆ. ನೊರೆ ಉಕ್ಕಿಸಿ, 2017ರಲ್ಲೂ 2018ರಲ್ಲೂ ಹೊತ್ತಿ ಉರಿದು ಸುದ್ದಿಯಾದ ಕೆರೆ ಅದು. ಕಲಾವಿದ ಅದೇ ಕೆರೆಯ ಹೂಳನ್ನು ಒಣಗಿಸಿ, ನುಣ್ಣಗೆ ಅರೆದು, ಸೋಸಿ ಬಣ್ಣವಾಗಿ ಬಳಸಿದ್ದಾರೆ. ಈ ವಿಧಾನದಲ್ಲಿ ಗೋಂದಿಗೆ ಬಣ್ಣದ ಪುಡಿಯನ್ನೂ ಡೈಕ್ರೋಮೇಟ್ ಲವಣವನ್ನೂ ಬೆರೆಸಿ ಬಳಿಯುತ್ತಾರೆ. ಬೆಳಕು ತಾಗಿದಲ್ಲಿ ಗೋಂದು ಗಟ್ಟಿಯಾಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ, ತಾಗದಲ್ಲಿ ನೀರಿಗೆ ಕರಗಿ ಹೋಗುತ್ತದೆ. ಒಂದು ಲೇಪದಲ್ಲಿ ಗಾಢತೆ ಬರುವುದಿಲ್ಲವಾದ್ದರಿಂದ ಮತ್ತೆ ಮತ್ತೆ ಬಳಿದು, ಒಣಗಿಸಿ, ಬಿಸಿಲಿಗೊಡ್ಡಿ, ತೊಳೆಯಬೇಕು. ನನ್ನ ಕೃತಿಗೆ ಏಳು ಲೇಪಗಳಾಗಿವೆ. ಇದೆಲ್ಲ ನನಗೆ ತಿಳಿದದ್ದು ಬಿಲ್ಲಿನಿಂದಲ್ಲ (ಬಿಲ್ಲಿನಲ್ಲಿ ಮತ್ತೆ ಅದೇ ಹಳೆಯ ಸಾಲು), ಕಟ್ಟಿನ ಹಿಂಬದಿಗೆ ಲಕೋಟೆಯಲ್ಲಿಟ್ಟು ಅಂಟಿಸಿದ್ದ ಕಲಾವಿದರ ಕೈಬರಹದ ಹಾಳೆಯಿಂದ. ಹೂಳನ್ನು ತೆಗೆದ ತಿಂಗಳು, ಕಾಗದದ ಜಾತಿ, ಲೇಪಗಳ ಸಂಖ್ಯೆ, ಉಳಿದ ಕ್ರೋಮಿಯಂ ಹೋಗಲೆಂದು ಕೊನೆಯಲ್ಲಿ ಹೇಗೆ ತೊಳೆದರು ಎಂಬುದು, ಮುಂದೆ ಎಂಥ ಬೋರ್ಡು ಬಳಸಬೇಕೆಂಬ ಸೂಚನೆ, ಕೆಳಗೆ ಸಹಿ. ಡೈಕ್ರೋಮೇಟ್ ವಿಷಕಾರಿ ಎಂಬುದನ್ನೂ, ಮನೆಯಲ್ಲಿ ತೂಗುಹಾಕಲು ಚಿಂತೆಯಿಲ್ಲವೆಂದು ತಾವು ಏಕೆ ಹೇಳುತ್ತೇವೆಂಬುದನ್ನೂ ಎರಡು ಸಾಲಿನಲ್ಲಿ ಬರೆದಿದ್ದಾರೆ.

ಮಣ್ಣಿನ ಬಣ್ಣ ಬೆಳಕಿಗೆ ಸುಲಭವಾಗಿ ಜಗ್ಗುವುದಿಲ್ಲ. ಮೂರರಲ್ಲಿ ಕೆಸರಿನಿಂದ ಮಾಡಿದ್ದೇ ಎಲ್ಲಕ್ಕಿಂತ ಹೆಚ್ಚು ಬಾಳುವಂಥದ್ದು. ಈಗ ಹಾಲ್‌ನ ಪೂರ್ವದ ಗೋಡೆಯ ಮೇಲೆ ತೂಗುತ್ತಿರುವುದು ಅದೇ.

ಬಿಲ್ಲಿನ ಶಬ್ದಗಳಿಗೆ ಇನ್ನೊಂದು ಮುಖವೂ ಇದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನ ಪ್ರಕಾರ ಮೂಲ ವರ್ಣಚಿತ್ರ, ಶಿಲ್ಪ ಅಥವಾ ರೇಖಾಚಿತ್ರವೊಂದು 10,000 ರೂಪಾಯಿಗೂ ಮೀರಿದ ಬೆಲೆಗೆ ಮರುಮಾರಾಟವಾದಾಗ ಕಲಾವಿದರಿಗೆ ಆ ಬೆಲೆಯಲ್ಲಿ ಶೇ 10ಕ್ಕೆ ಮೀರದ ಪಾಲು ಕೇಳುವ ಹಕ್ಕಿದೆ. ಛಾಯಾಚಿತ್ರದ ಹೆಸರು ಆ ಕಲಮಿನಲ್ಲಿ ಇಲ್ಲ. ಹಾಗಿರುವಾಗ ಏಳು ಲೇಪಗಳಲ್ಲಿ ಕುಂಚದಿಂದ ಹೂಳು ಬಳಿದು ಮಾಡಿದ ನನ್ನ ಕೃತಿ ಯಾವ ಪಂಗಡಕ್ಕೆ ಸೇರುತ್ತದೆ? ‘ಮಿಶ್ರ ಮಾಧ್ಯಮ’ ಎಂಬುದು ಈ ಪ್ರಶ್ನೆಯನ್ನು ಉತ್ತರಿಸದೆ ಕಂಬಳಿಯಡಿ ತಳ್ಳುತ್ತದೆ. ನಾನು ಮಾರುವವನಲ್ಲ, ಆದರೆ ನನ್ನ ಮಕ್ಕಳು ಮಾರಿಯಾರು.

ಸಣ್ಣಪುಟ್ಟ ಸಂಗತಿಗಳು: ಕೃತಿಗಳನ್ನು ಮನೆಗೆ ತಲುಪಿಸಿದ ಬಗೆ ಅಚ್ಚುಕಟ್ಟು, ಮೂಲೆಗಳಿಗೆ ರಟ್ಟು, ಮೇಲೆ ಪ್ಲೈವುಡ್, ಬಂದವರು ಮೊಳೆ ಹೊಡೆದು ತೂಗುಹಾಕಿಯೇ ಹೋದರು. ಸಯನೋಟೈಪಿನ ಮೇಲೆ ಪೆನ್ಸಿಲ್ಲಿನಲ್ಲಿ 3/10 ಎಂದು ಪ್ರತಿಯ ಸಂಖ್ಯೆಯಿದೆ, ಉಳಿದ ಒಂಬತ್ತರಲ್ಲಿ ಎಷ್ಟು ಮಾರಾಟವಾಗಿವೆ ಎಂದು ಕೇಳಿದರೆ ಸ್ಪಷ್ಟವಾಗಿ ಹೇಳುತ್ತಾರೆ. ಪ್ರಮಾಣಪತ್ರ ಮಾತ್ರ ನಾಲ್ಕು ಬಾರಿ ನೆನಪಿಸಿದ ಮೇಲೆ ಬಂತು. ಕೃತಿಯ ಸ್ಥಿತಿಯನ್ನು ದಾಖಲಿಸುವ ಹಾಳೆಯನ್ನು ಕೊಡುವ ಪದ್ಧತಿ ಅಲ್ಲಿಲ್ಲ, ಅರಿಶಿನದ ಚಿತ್ರಕ್ಕೆ ಅದೊಂದಿದ್ದಿದ್ದರೆ ಅಷ್ಟು ಪತ್ರವ್ಯವಹಾರವೇ ಬೇಕಿರಲಿಲ್ಲ.

ಕೃತಿಗಳ ಆಯ್ಕೆ, ಸೌಜನ್ಯ, ತಪ್ಪಾದಾಗ ತಿದ್ದಿಕೊಳ್ಳುವ ಮನಸ್ಸು, ಈ ಮೂರರಲ್ಲಿ ಈ ಗ್ಯಾಲರಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಮಾರುವ ವಸ್ತು ಯಾವುದರಿಂದ ಆದದ್ದು ಎಂದು ಬರೆದುಕೊಡುವ ವಿಷಯದಲ್ಲಿ ಒಂದು, ಅದೂ ಕಲಾವಿದರ ಆ ಲಕೋಟೆಯನ್ನು ಕಿತ್ತುಹಾಕದೆ ಹಾಗೆಯೇ ಬಿಟ್ಟದ್ದಕ್ಕೆ. ಕಳೆದ ತಿಂಗಳು ಬೀಟ್‌ರೂಟ್ ರಸದ ಒಂದು ಪುಟ್ಟ ಚಿತ್ರವನ್ನು ಕಾದಿರಿಸಿ ಮುಂಗಡ ಕೊಟ್ಟು ಬಂದಿದ್ದೇನೆ. ಸಾಮಗ್ರಿಯ ಕಾಲಮಿನಲ್ಲಿ ಕಾಗದದ ಹೆಸರು, ರಸದ ಹೆಸರು, ಎಷ್ಟು ದಿನ ಯಾವ ಗೋಡೆಯ ಮೇಲಿತ್ತು ಎಂಬುದು, ಬೆಳಕಿನಲ್ಲಿ ಮಾಸುತ್ತದೆ ಎಂಬ ಮಾತು, ಇಷ್ಟನ್ನು ಬರೆದರೆ ಬಾಕಿ ಹಣ ಕೊಡುತ್ತೇನೆಂದು ಹೇಳಿದ್ದೇನೆ. ವ್ಯವಸ್ಥಾಪಕಿ ಒಪ್ಪಿದ್ದಾರೆ. ಬಿಲ್ಲು ಇನ್ನೂ ಬಂದಿಲ್ಲ.